ಇಡೀ ಊರು ಆರಿಸಿದ ಪೈಲ್ವಾನ

ಗುಡಿಹಳ್ಳದ ಆಸ್ಥಾನದಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿರಲಿಲ್ಲ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ನಮ್ಮೂರಲ್ಲಿ ಎರಡು ಗರಡಿ, ಮೇಲಿನದು ಮತ್ತು ಕೆಳಗಿನದು. ನವರಾತ್ರಿಗೆ ಎರಡರ ನಡುವೆ ಕುಸ್ತಿ. ಸೋತ ಗರಡಿಗೆ ವರ್ಷವಿಡೀ ಬೀಗ. ಅಖಾಡಕ್ಕೆ ಯಾರು ಇಳಿಯಬೇಕೆಂದು ಆಯಾ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರೇ ಹೇಳುತ್ತಿದ್ದರು.

ಆ ವರ್ಷ ದೊರೆ ತಿಪ್ಪರಾಜನಾಯಕರು ಮೀಸೆ ತಿರುವಿದರು. "ಒಬ್ಬ ಮುದುಕ ಆರಿಸೋದೇನು? ಇಡೀ ಊರೇ ಆರಿಸಲಿ! ಮೊದಲು ಮೇಲಿನ ಗರಡಿಯಲ್ಲಿ ನೋಡೋಣ. ಇಂಥ ಯೋಚನೆ ಯಾವ ರಾಜನಿಗೂ ಹೊಳೆದಿಲ್ಲ!"

ಗರಡಿಯ ಪ್ರತಿಯೊಬ್ಬನ ಹೆಸರಿಗೂ ಒಂದು ಗಡಿಗೆ. ಊರಿನ ಪ್ರತಿಯೊಬ್ಬರೂ ತಮಗೆ ಬೇಕಾದವನ ಗಡಿಗೆಗೆ ಒಂದು ಹುಣಸೆಬೀಜ ಹಾಕಬೇಕು. ಆಸ್ಥಾನದಲ್ಲಿ ವಿದೂಷಕನಾದರೂ ನಾನೂ ಮೇಲಿನ ಗರಡಿಯವನೇ. ಅಲ್ಲಿ ಮಣ್ಣು ಹದ ಮಾಡುವುದು, ಪೈಲ್ವಾನರ ಬಾದಾಮಿ ಕದ್ದು ತಿನ್ನುವುದು ನನ್ನ ಕೆಲಸ. ಸಂಜೆ ನೋಡಿದರೆ ನನ್ನ ಗಡಿಗೆಯೇ ತುಂಬಿ ಚೆಲ್ಲಿತ್ತು!

"ನೋಡಿದಿರಾ ವಸ್ತಾದರೇ, ನನ್ನ ಜನಬಲ!"

ವಸ್ತಾದ್ ಓಬಯ್ಯ ತಲೆ ಚಚ್ಚಿಕೊಂಡರು. "ಲೋ ಗಾದ್ರಿ, ಬೀಜ ಹಾಕಿದವರ ಮುಖ ನೋಡಿದೆಯೇನೋ? ಕೆಳಗಿನ ಗರಡಿಯವರು ಹೆಂಡಿರು ಮಕ್ಕಳ ಸಮೇತ ಬಂದಿದ್ದರು! ಅವರ ದುರ್ಗಣ್ಣ ನಿನ್ನನ್ನ ಒಂದೇ ಕೈಲಿ ಎತ್ತಿ ಒಗೀತಾನೆ. ನಮ್ಮ ಗರಡಿ ಮುಚ್ಚಿತು ಬಿಡು."

ಆಗ ನನಗೆ ಹೊಳೆಯಿತು. ಸ್ವಲ್ಪ ತಡವಾಗಿ, ಆದರೂ ಹೊಳೆಯಿತು. ದೊರೆಯ ಬಳಿ ಓಡಿದೆ.

"ಪ್ರಭು, ಇಷ್ಟು ಒಳ್ಳೆಯ ನಿಯಮ ನಮ್ಮ ಗರಡಿಗಷ್ಟೇ ಸಾಕೇ? ಕೆಳಗಿನ ಗರಡಿಯವರಿಗೆ ಬೇಜಾರಾಗೋದಿಲ್ಲವೇ?"

"ಹೌದಲ್ಲ! ಅವರಿಗೂ ಇರಲಿ!"

ಮರುದಿನ ಕೆಳಗಿನ ಗರಡಿಯ ಮುಂದೆ ನಾವೂ ಹೆಂಡಿರು ಮಕ್ಕಳ ಸಮೇತ ಸಾಲು ನಿಂತೆವು. ಅವರ ಬೀಜ ನಾಲ್ಕು ಪೈಲ್ವಾನರಿಗೆ ಹಂಚಿಹೋಯಿತು. ನಮ್ಮದೆಲ್ಲ ಒಂದೇ ಗಡಿಗೆಗೆ ಬಿತ್ತು. ಆಯ್ಕೆಯಾದವನು ಅವರ ಪೈಲ್ವಾನರಿಗೆ ಎಣ್ಣೆ ತಿಕ್ಕುವ ಎಪ್ಪತ್ತರ ಸಣ್ಣಪ್ಪಜ್ಜ.

ಅಖಾಡದಲ್ಲಿ ನಾವಿಬ್ಬರೂ ತಬ್ಬಿ ನಿಂತೆವು.

"ಬೀಳೋ ಮಾರಾಯ, ಸೊಂಟ ನೋಯ್ತದೆ."

"ನೀನೇ ಬೀಳಜ್ಜಾ, ಹಿರಿಯವನು ನೀನು."

ಬಿಸಿಲೇರಿತು. ಯಾರೂ ಬೀಳಲಿಲ್ಲ. ದೊರೆ ಸಿಟ್ಟಿನಿಂದ ಎದ್ದರು. "ಇಡೀ ಊರು ಸೇರಿ ಆರಿಸಿದ್ದು ಇಂಥವರನ್ನೇ? ನಿಮಗೆ ಬೀಜ ಹಾಕಿದವರು ಯಾರೋ?"

"ರಾಶಿ ಜನ ಹಾಕಿದ್ದಾರೆ ಪ್ರಭು. ಆದರೆ ನಾವು ಗೆಲ್ಲಲಿ ಅಂತ ಹಾಕಿದವರು ಒಬ್ಬರೂ ಇಲ್ಲ!" ಎಂದೆ.

ದೊರೆ ಹೊಟ್ಟೆ ಹಿಡಿದು ನಕ್ಕರು. ಕುಸ್ತಿ ರದ್ದಾಯಿತು. "ಇನ್ನು ಆಯಾ ಗರಡಿಯವರೇ ತಮ್ಮವನನ್ನು ಆರಿಸಿಕೊಳ್ಳಲಿ" ಎಂದು ಅಪ್ಪಣೆ ಕೊಡಿಸಿ, ನನಗೊಂದು ಜರಿಪೇಟ ತೊಡಿಸಿದರು.

ಮರುವಾರ ಹೊಸ ಆಯ್ಕೆಗೆ ನಮ್ಮ ಗರಡಿಯವರಷ್ಟೇ ಸೇರಿದರು. ನನಗೆ ಬಿದ್ದದ್ದು ಒಂದೇ ಬೀಜ. ಅದನ್ನು ಹಾಕಿದವನು ಭಾರಿ ಬುದ್ಧಿವಂತ. ಅವನ ತಲೆಗೆ ಜರಿಪೇಟ ಚೆನ್ನಾಗಿ ಒಪ್ಪುತ್ತಿತ್ತು.