ಮ್ಯಾನೇಜರರ ಬೂಟು, ಹಿಂದಿನ ಬಾಗಿಲು

ರಾಣೆಬೆನ್ನೂರಿನ ಒಂದು ಬೀಜದ ಕಂಪನಿ. ಅಲ್ಲಿನ ಸರ್ವರ್ ಕಂಪ್ಯೂಟರಿಗೆ ಎರಡನೆಯ ಇಂಟರ್‌ನೆಟ್ ಲೈನ್ ಹಾಕಿಸಿದರು. ಹೊಸ ಲೈನಿನಿಂದ ಬೀಜ ಮಾರುವ ಅಂಗಡಿಯವರು ಕೇಳಿದ್ದೆಲ್ಲ ಒಳಗೆ ಬರುತ್ತಿತ್ತು. ಉತ್ತರ ಮಾತ್ರ ಅವರಿಗೆ ಮುಟ್ಟುತ್ತಿರಲಿಲ್ಲ.

ಮ್ಯಾನೇಜರ್ ಹಂಪಣ್ಣನವರು ಸಿಟ್ಟಿನಿಂದ ಬಂದರು. ಸರ್ವರ್ ಕೋಣೆಗೆ ಧೂಳು ಬರಬಾರದಲ್ಲ, ಎಲ್ಲರಂತೆ ಅವರೂ ಹಿಂದಿನ ಬಾಗಿಲಲ್ಲಿ ಬೂಟು ಬಿಟ್ಟು ಒಳಗೆ ನುಗ್ಗಿದರು.

"ಸಂಜೀಯೊಳಗ ಸರಿ ಆಗದಿದ್ರ ನೀ ಮನೀಗೆ ಹೋಗೂದ!"

ಸರ್ವರ್ ನೋಡಿಕೊಳ್ಳುವ ನೀಲವ್ವ ಹೇಳಿದಳು: "ಎಲ್ಲಾ ಉತ್ತರ ಹಳೇ ಲೈನಿಂದ ಹೊಂಟಾವ್ರಿ. 'ಈ ವಿಳಾಸ ನಮ್ಮದಲ್ಲ' ಅಂತ ಆ ಲೈನಿನ ಕಂಪನಿಯವರು ಒಗೀತಾರ. ಲೈನಿಗೊಂದು ರೂಟಿಂಗ್ ಟೇಬಲ್, ಅಂದ್ರ ದಾರಿ ಪಟ್ಟಿ, ಬರೆದ್ರ, ಬಂದ ದಾರೀಲೇ ಹೋಗ್ತಾವು."

"ಎರಡೆರಡು ಯಾಕ? ಹಳೇ ಲೈನು ಅಂದ್ರ ನಮ್ಮ ಮುಂಬಾಗಿಲು. ಎಲ್ಲಿಂದರ ಬರಲಿ, ಹೋಗೂದು ಮುಂಬಾಗಿಲಿಂದ. ಅದು ನನ್ನ ನಿಯಮ!"

"ಹಂಗಾದ್ರ ನೀವೂ ಮುಂಬಾಗಿಲಿಂದನ ಹೋಗ್ರಿ ಸಾಹೇಬ್ರ," ಎಂದು ನೀಲವ್ವ ಬಾಗಿಲು ತೆಗೆದಳು.

ಸಾಹೇಬರು ಗತ್ತಿನಿಂದ ಹೊರಟರು. ಹೊರಗೆ ಕಾಲಿಟ್ಟವರೇ "ಅಯ್ಯಯ್ಯೋ!" ಎಂದು ಕುಣಿದರು. ಮಧ್ಯಾಹ್ನದ ಬಿಸಿಲಿಗೆ ಕಲ್ಲುಹಾಸು ಹಂಚಿನಂತೆ ಕಾದಿತ್ತು.

"ನನ್ನ ಬೂಟು ಎಲ್ಲಿ?"

"ಬಂದ ಬಾಗಿಲದಾಗ ನಿಮ್ಮ ದಾರಿ ಕಾಯಾಕತ್ತಾವ್ರಿ. ಹೊಸ ಲೈನಿನ ಅಂಗಡಿಯವರೂ ಹಂಗ ಕಾಯಾಕತ್ತಾರ."

ಸಾಹೇಬರು ಒಂಟಿಕಾಲಲ್ಲಿ ನಿಂತರು. ಕಾಲು ಬದಲಿಸಿದರು. ಆಮೇಲೆ, "ಬರೀ ನೀಲವ್ವಾ, ಎರಡೂ ಬರೀ!" ಎಂದು ಒಳಗೆ ಓಡಿದರು.

ಸಂಜೆಗೆ ಎಲ್ಲರಿಗೂ ಉತ್ತರ ಮುಟ್ಟಿತು. ಮರುದಿನ ಎರಡೂ ಬಾಗಿಲಿಗೆ ಬೋರ್ಡು ಬಿತ್ತು: "ಬಂದ ಬಾಗಿಲಿನಿಂದಲೇ ಹೋಗತಕ್ಕದ್ದು. ಇದು ನನ್ನ ನಿಯಮ. ಮ್ಯಾನೇಜರ್."