ತಾನೇ ಮಾಡುತ್ತಾನೆ

ಅಕ್ಷರ ನಿನ್ನ ಕೈಗೆ ಹತ್ತುವುದಲ್ಲ ಎಂದು ಹುಲಿಗೆವ್ವನಿಗೆ ಮೊದಲು ಹೇಳಿದವಳು ಅವಳ ಅತ್ತೆ. ಆಮೇಲೆ ಗಂಡ ಹೇಳಿದ. ಊರಿನ ಮಾಸ್ತರರು ನಕ್ಕು ಹೇಳಿದರು.

ಕಿರಾಣಿ ಕಟ್ಟಿಕೊಟ್ಟ ಕಾಗದಗಳನ್ನು ಬಿಡಿಸಿ ಬಿಡಿಸಿ ಓದಲು ಕಲಿತ ಹೆಂಗಸು ಅವಳು. ನಲವತ್ತರ ಹೊತ್ತಿಗೆ ದಪ್ಪ ಪುಸ್ತಕಗಳನ್ನೂ ಬಿಡಲಿಲ್ಲ. ಯಾರ ಮಾತನ್ನೂ ಹಾಗೇ ನಂಬುತ್ತಿರಲಿಲ್ಲ. ನಂಬಿದ್ದರೆ ಇವತ್ತಿಗೂ ಹೆಬ್ಬೆಟ್ಟೇ ಒತ್ತುತ್ತಿದ್ದೆ ಎಂದುಕೊಳ್ಳುತ್ತಿದ್ದಳು.

ಅವಳು ಹೊಳೆದಂಡೆಯ ಆಶ್ರಮಕ್ಕೆ, ರೇವಜ್ಜನ ಶಿಷ್ಯೆಯಾಗಿ ಬಂದಳು. ಆಟಿಸಂ ಇರುವ ಮಕ್ಕಳು, ದೊಡ್ಡವರು ದಿನ ಹೇಗೆ ಕಳೆಯುತ್ತಾರೆ, ಅವರ ಸ್ನಾನ, ಊಟ, ಉಡುಗೆ ಹೇಗೆ ಸಾಗುತ್ತದೆ ಎಂದು ಅಜ್ಜ ಮೂವತ್ತು ವರ್ಷದಿಂದ ನೋಡಿ ಬರೆಯುತ್ತಿದ್ದರು.

ಅಜ್ಜ ಅವಳ ಕೈಗೊಂದು ನೋಟ್‌ಬುಕ್ ಕೊಟ್ಟರು. ಅದರಲ್ಲಿ ಬೆಳಗಿನ ನಲವತ್ತು ಕೆಲಸಗಳ ಪಟ್ಟಿ ಇತ್ತು.

"ಇದರಾಗ ಪಂಪಣ್ಣ ಏನೇನು ಮಾಡ್ತಾನ, ಹೆಂಗ ಮಾಡ್ತಾನ, ತಿಳಕೊಂಡು ಬಾ."

ಪಂಪಣ್ಣನಿಗೆ ಮೂವತ್ತನಾಲ್ಕು ವರ್ಷ. ಮಾತಾಡುವವನಲ್ಲ. ತಾಯಿ ಗಾಳೆವ್ವನ ಜೊತೆ ಆಶ್ರಮದ ಕೊನೆಯ ಕೋಣೆಯಲ್ಲಿದ್ದ. ನೆರವು ಬೇಕಾದವರ ಜೊತೆಗಷ್ಟೇ ಮನೆಯವರು ಇರಬಹುದು ಎಂಬುದು ಅಲ್ಲಿಯ ನಿಯಮ. ಬೇಡವೆಂದು ನೋಟ್‌ಬುಕ್ಕಿನಲ್ಲಿ ಬಂದರೆ ಗಾಳೆವ್ವ ಮಗನನ್ನು ಬಿಟ್ಟು ಊರಿಗೆ ಹೋಗಬೇಕು. ಆ ಕೋಣೆಗೆ ಇನ್ನೊಂದು ಕುಟುಂಬ ಕಾದಿತ್ತು.

ನಾನಿಲ್ಲದೆ ಅವನ ಬೆಳಗು ಮುಂದೆ ಹೋಗುವುದಿಲ್ಲ ಎಂದು ಗಾಳೆವ್ವ ಹೇಳಿದಳು. ಹುಲಿಗೆವ್ವ ತಲೆಯಾಡಿಸಿದಳು. ನಂಬಲಿಲ್ಲ.

ಐದು ಬೆಳಗು ಅವಳು ಎದುರಿನ ಉಗ್ರಾಣದ ಕಿಟಕಿಯ ಹಿಂದೆ ನಿಂತಳು.

ಐದೂ ಬೆಳಗು ಒಂದೇ ತರಹ. ಪಂಪಣ್ಣ ಅಂಗಳದ ಹಂಡೆಯ ಬಳಿ ಮುಖ, ಕೈಕಾಲು ತೊಳೆದ. ಒರೆಸಿಕೊಂಡ. ಅಂಗಿಯ ಗುಂಡಿ ಹಾಕಿಕೊಂಡ. ಗಂಜಿ ಕುಡಿದು ತಟ್ಟೆ ತೊಳೆದಿಟ್ಟು ತೋಟಕ್ಕೆ ಹೋದ. ತಾಯಿ ಹೊಸ್ತಿಲ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ಆಗಾಗ ನಿಲ್ಲಿಸುವಳು, ಮತ್ತೆ ಕೇರುವಳು. ಮಗನತ್ತ ತಲೆ ಎತ್ತಿಯೂ ನೋಡಲಿಲ್ಲ.

ಮೂರನೆಯ ದಿನ ಹುಲಿಗೆವ್ವನ ಕಣ್ಣಿಗೆ ಇನ್ನೊಂದು ಬಿತ್ತು. ಮೊರದಲ್ಲಿದ್ದದ್ದು ಮೊದಲ ದಿನದ ಅದೇ ಅಕ್ಕಿ. ಕಲ್ಲಿಲ್ಲ, ಹೊಟ್ಟಿಲ್ಲ. ಮುದುಕಿ ನಾಟಕ ಹೂಡಿದ್ದಾಳೆ ಎಂದುಕೊಂಡಳು.

ನಲವತ್ತು ಕೆಲಸದ ಮುಂದೆಯೂ ಒಂದೇ ಮಾತು ಬರೆದಳು: ತಾನೇ ಮಾಡುತ್ತಾನೆ.

ಅಜ್ಜ ಪುಟ ತಿರುವಿದರು.

"ಗಾಳೆವ್ವ ಎಲ್ಲಿ ಅದಾಳ ಇದರಾಗ?"

"ಆಕಿ ಏನೂ ಮಾಡಂಗಿಲ್ಲ ಅಜ್ಜಾರ. ಹಸನಾದ ಅಕ್ಕೀನ ಮತ್ತ ಹಸನ ಮಾಡ್ತಾಳ. ಇಲ್ಲಿ ಕೂಳಿನ ರುಚಿ ಹತ್ತೇತಿ, ಅಷ್ಟ."

"ಆಕೀನ ಕೇಳಿದೇನು?"

"ಸುಳ್ಳು ಹೇಳೋರನ್ನ ಏನು ಕೇಳೋದು?"

ಅಜ್ಜ ಅವಳನ್ನೂ ಕರೆದುಕೊಂಡು ಎದ್ದರು. ಗಾಳೆವ್ವನ ಕೋಣೆಗೆ ಹೋಗಿ, ನಾಳೆ ಮಧ್ಯಾಹ್ನದವರೆಗೆ ಆಚೆ ದಂಡೆಗೆ ಹೋಗಿಬರಲು ಆಗುತ್ತದೆಯೇ ಎಂದು ಕೇಳಿದರು. ಗಾಳೆವ್ವ ಹುಲಿಗೆವ್ವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೂಂ ಎಂದಳು.

ಮರುದಿನ ಹೊಸ್ತಿಲ ಮೇಲೆ ಹುಲಿಗೆವ್ವ ಕೂತಳು, ನೋಟ್‌ಬುಕ್ ಮಡಿಲಲ್ಲಿಟ್ಟುಕೊಂಡು.

ಪಂಪಣ್ಣ ಕೈ ತೊಳೆಯತೊಡಗಿದ. ತೊಳೆಯುತ್ತಲೇ ಇದ್ದ. ಹಂಡೆ ಅರ್ಧ ಇಳಿಯಿತು. ಬೆರಳುಗಳು ಬೆಳ್ಳಗಾಗಿ ಸುಕ್ಕುಗಟ್ಟಿದವು.

ಸಾಕು, ಅಂಗಿ ಹಾಕಿಕೋ ಎಂದಳು. ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಎದ್ದು ಹೋಗಿ ತಂಬಿಗೆ ಕಿತ್ತುಕೊಂಡಳು. ಅವನು ಎರಡೂ ಕಿವಿ ಮುಚ್ಚಿಕೊಂಡ. ಗಂಟಲಿನಿಂದ ಒಂದು ದನಿ ಹೊರಟಿತು. ಹುಲಿಗೆವ್ವ ತಂಬಿಗೆ ಅಲ್ಲೇ ಇಟ್ಟು ಹೊಸ್ತಿಲಿಗೆ ಮರಳಿ ಕೂತಳು. ಅವನು ಮತ್ತೆ ತೊಳೆದ, ಹಂಡೆ ಬರಿದಾಗುವ ತನಕ.

ಆಮೇಲೆ ಒದ್ದೆ ಕಾಲಲ್ಲೇ ಹೊಸ್ತಿಲಿಗೆ ಬಂದ. ಅವಳ ಮಡಿಲಿನ ನೋಟ್‌ಬುಕ್ ಎತ್ತಿ ನೆಲಕ್ಕಿಟ್ಟ. ಗೋಡೆಗೊರಗಿದ್ದ ಮೊರ ತಂದು, ಡಬ್ಬಿಯ ಅಕ್ಕಿ ಸುರಿದು, ಅವಳ ಮಡಿಲಿಗಿಟ್ಟ. ಹಂಡೆಯ ಬಳಿ ಹೋಗಿ ನಿಂತ.

ಹುಲಿಗೆವ್ವ ಕೇರಿದಳು. ಅವನು ಕದಲಲಿಲ್ಲ. ಅವಳ ಕೈ ನಿಂತಿತು.

ಅವನು ಟವೆಲಿಗೆ ಕೈ ಚಾಚಿದ.

ಅವಳಿಗೆ ತಿಳಿಯಿತು. ಮೊರದ ಸದ್ದು ಇರುವ ತನಕ ಒಂದು ಕೆಲಸ. ಸದ್ದು ನಿಂತರೆ ಮುಂದಿನದು. ಐದು ದಿನ ಇದೇ ಅವಳ ಕಿವಿಗೆ ಬಿದ್ದಿತ್ತು.

ಮಧ್ಯಾಹ್ನ ಗಾಳೆವ್ವ ಬಂದಳು. ಮಗನ ಬೆರಳು ಹಿಡಿದು ನೋಡಿದಳು. ಮೊರ ತೆಗೆದುಕೊಂಡಳು. ಬೈಯಲಿಲ್ಲ.

"ನೀ ಕಿಟಕಿ ಹಿಂದ ನಿಂತಿದ್ದು ಗೊತ್ತಿತ್ತವ್ವ. ಒಂದು ದಿನ ಬಂದು ಹೆಂಗ ಅಂತ ಕೇಳ್ತಿ ಅಂತ ಕಾದೆ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹುಲಿಗೆವ್ವ ಅಜ್ಜನೆದುರು ಕೂತು ನಲವತ್ತು ಸಾಲನ್ನೂ ಹೊಡೆದು ಹಾಕಿದಳು. ಅವುಗಳ ಕೆಳಗೆ 'ತಾನೇ ಮಾಡಲಾರ' ಎಂದು ಬರೆಯಹೊರಟಾಗ ಅಜ್ಜ ಅವಳ ಪೆನ್ನು ಹಿಡಿದು ತಡೆದರು.

"ಮೊರ ನಿನ್ನ ಉಡ್ಯಾಗ ಯಾರು ತಂದಿಟ್ಟರು?"

"ಅವನ ತಂದಿಟ್ಟ."

"ಹಂಗಾದರ ಅದನ್ನ ಬರಿ."

ಅವಳು ಬರೆದಳು: ತನಗೆ ಏನು ಬೇಕೆಂದು ಅವನಿಗೆ ಗೊತ್ತು; ಕೇಳಿ ಪಡೆದ.

ಕೋಣೆಯ ಗತಿ ಏನು ಎಂದು ವಿಚಾರಿಸಿದಳು. ಅದು ಗಾಳೆವ್ವನದೇ, ಕಾದವರಿಗೆ ನನ್ನ ಕೋಣೆ ಬಿಟ್ಟುಕೊಡುತ್ತೇನೆ ಎಂದರು ಅಜ್ಜ.

ಹುಲಿಗೆವ್ವ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಕತ್ತು ತುಸು ನೆಟ್ಟಗಾಯಿತು.

"ನಲವತ್ತು ಹೋದರೂ ಒಂದು ಸಾಲು ನಂದಾತು ಅಜ್ಜಾರ."

ಅಜ್ಜ ಗಾಳೆವ್ವನ ಮುಚ್ಚಿದ ಬಾಗಿಲಿನ ಕಡೆ ನೋಡಿದರು.

"ಹೌದವ್ವ, ಆ ಸಾಲು ನಿಂದ. ಬೆಲೆ ಮಾತ್ರ ನೀ ಕೊಟ್ಟದ್ದಲ್ಲ."