ಸಿಹಿನೀರಿಗೆ ಬೀಗ

ಹೊಳೆ ಸಮುದ್ರ ಸೇರುವಲ್ಲಿ, ಒಂದು ದಿಬ್ಬದ ಮೇಲೆ ಆಶ್ರಮವಿತ್ತು. ಅದರ ಬಾವಿಯ ನೀರು ಸಿಹಿ.

ಕೆಳಗಿನ ಕೇರಿಯ ಬಾವಿಗಳೂ ಹಿಂದೆ ಹಾಗೇ ಇದ್ದವು. ಆಮೇಲೆ ವರ್ಷ ವರ್ಷವೂ ಬಿಸಿಲು ಹೆಚ್ಚಿತು, ಸಮುದ್ರ ಏರಿತು. ಬೇಸಿಗೆ ಬಂದರೆ ಉಪ್ಪುನೀರು ಹೊಳೆಯೊಳಗೆ ದೂರ ನುಗ್ಗತೊಡಗಿತು. ಕೇರಿಯ ಬಾವಿಗಳು ಒಂದೊಂದಾಗಿ ಕೆಟ್ಟವು. ಕೊಡ ಹಿಡಿದು ಕೇರಿಯೆಲ್ಲ ದಿಬ್ಬ ಹತ್ತಿತು.

ಬಾವಿ ನೋಡಿಕೊಳ್ಳುವವನು ಸುಬೋಧ ಎಂಬ ಶಿಷ್ಯ. ಒಂದು ಬೆಳಿಗ್ಗೆ ಅವನು ಬೊಗಸೆಯಲ್ಲಿ ನೀರು ಕುಡಿದ. ನಾಲಗೆಯ ಮೇಲೆ ಏನೋ ಉಳಿಯಿತು.

ಉಪ್ಪು.

ಗುರುಗಳ ಬಳಿಗೆ ಓಡಿದ. "ಸೇದಿದಷ್ಟೂ ಅಡಿಯಿಂದ ಉಪ್ಪು ಒಳಗೆ ಬರ್ತಾ ಇದೆ. ಎಲ್ಲರಿಗೂ ಕೊಟ್ಟರೆ ಬಾವಿ ಉಳಿಯೋದಿಲ್ಲ. ಕೊಡದಿದ್ದರೆ ಅವರು... ಏನು ಮಾಡಲಿ?"

"ನನಗೂ ಗೊತ್ತಿಲ್ಲ" ಎಂದರು ಗುರುಗಳು.

ಗುರುಗಳಿಗೆ ಗೊತ್ತಿಲ್ಲದ್ದೂ ಇರಬಹುದೆಂದು ಸುಬೋಧ ಎಂದೂ ಎಣಿಸಿರಲಿಲ್ಲ. ಬೇರೆಯವರನ್ನು ಕೇಳೋಣವೆಂದು ಕೇರಿಗೆ ಇಳಿದ.

"ಸಮುದ್ರಪೂಜೆ ಸರಿಯಾಗಿ ಮಾಡ್ಲಿಲ್ಲ, ಅದಕ್ಕೇ" ಎಂದ ಒಬ್ಬ.

"ಪ್ರಪಂಚದ ಹೊಗೆಯೆಲ್ಲ ಸೇರಿ ಹೀಗಾಗಿದೆ. ಅದಕ್ಕೆ ನಾವೆಂತ ಮಾಡೂದು?" ಎಂದ ಇನ್ನೊಬ್ಬ.

"ಬಂಡೆಗಲ್ಲಿನ ತಡೆಗೋಡೆ ಬರ್ತದಂತೆ. ಸರ್ಕಾರದವರು ಅಳತೆ ಮಾಡ್ಕಂಡು ಹೋಗಿದ್ದಾರೆ" ಎಂದ ಮತ್ತೊಬ್ಬ.

ಪೇಟೆಯಿಂದ ಯಾರೋ ಬಂದು ದಡದಲ್ಲಿ ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ದರು. ಆ ಗಿಡಗಳಿಗೂ ಆಶ್ರಮದ ಬಾವಿಯದೇ ನೀರು.

ಸುಬೋಧ ತಲೆ ಹಿಡಿದುಕೊಂಡು ಮರಳಿದ. "ಒಬ್ಬೊಬ್ಬರದು ಒಂದೊಂದು ಮಾತು. ಕೇಳುವಾಗ ಎಲ್ಲವೂ ಹೌದು ಅನ್ನಿಸ್ತದೆ."



ಸಂಜೆ ಅವನು ಬಾವಿಯ ಮೇಲೆ ಕಬ್ಬಿಣದ ಜಾಲರಿ ಎಳೆದು ಬೀಗ ಹಾಕಿದ.

ಮರುದಿನ ಬಾವಿಕಟ್ಟೆಯ ಸುತ್ತ ಜನ. ಎಲ್ಲರ ಮುಂದೆ ಮೀನು ಮಾರುವ ಹೊನ್ನಕ್ಕ. ಅವಳ ಬಾಯಿಗೆ ಇಡೀ ಕೇರಿ ಹೆದರುತ್ತಿತ್ತು.

"ಎಂತ ತಮಾ, ಬಾವಿ ಓಡಿಹೋಗ್ತದೆ ಅಂತ ಕಟ್ಟಿಹಾಕಿದ್ಯಾ?"

ಜನ ನಕ್ಕರು. ಅವಳು ನಗಲಿಲ್ಲ.

"ಉಪ್ಪುನೀರಿನ ಗಂಜಿ ಕುಡ್ದು ನನ್ನ ಮೊಮ್ಮಗು ರಾತ್ರಿಯೆಲ್ಲ ಕಾರ್ಕಂಡಿದೆ. ತೆಗಿ ಬೀಗ."

"ತೆಗೆದರೆ ನಿಮಗೂ ಇಲ್ಲ, ನಮಗೂ ಇಲ್ಲ ಅಂತಾಗ್ತದೆ ಹೊನ್ನಕ್ಕ."

"ನಿಮಗೆ ಉಂಟಲ್ಲ ಈಗ!"

ಸುಬೋಧ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

ಗುರುಗಳು ಹೊರಗೆ ಬಂದು ಕೈ ಚಾಚಿದರು. ಸುಬೋಧ ಕೀಲಿಕೈ ಕೊಟ್ಟ. ಗುರುಗಳು ಅದನ್ನು ಹೊನ್ನಕ್ಕನ ಅಂಗೈಯಲ್ಲಿಟ್ಟರು.

"ಇನ್ನು ನೀನು ನೋಡಿಕೋ ತಾಯಿ. ಮೊದಲು ಒಂದು ಗುಟುಕು ಕುಡಿ."

ಹೊನ್ನಕ್ಕ ಬೀಗ ತೆಗೆದು, ಸೇದಿ, ಕುಡಿದಳು. ನಾಲಗೆಗೆ ಉಪ್ಪು ತಾಗಿತು. ಅವಳ ಮುಖದಿಂದ ಸಿಟ್ಟು ಇಳಿಯಿತು.

"ತುಂಬ್ಸು ಹೊನ್ನಕ್ಕ! ಎಂತ ನೋಡ್ತೆ?" ಹಿಂದಿನಿಂದ ಕೂಗಿದರು.

"ತಡೀರಾ ಮಾರಾಯ್ರಾ. ನಂಗೆ ಎಂತ ಮಾಡೂದು ಅಂತಲೇ ತಿಳೀತಿಲ್ಲ."

ಅವಳು ಕೊಡವನ್ನು ಪಕ್ಕದವಳಿಗೆ ಕೊಟ್ಟಳು. ಆಕೆ ಕುಡಿದು ಇನ್ನೊಬ್ಬಳಿಗೆ ಕೊಟ್ಟಳು. ಕೊಡ ಸುತ್ತು ಬರುವಷ್ಟರಲ್ಲಿ ಗದ್ದಲ ನಿಂತಿತ್ತು.

ಆಮೇಲೆ ಬೇರೆ ಗದ್ದಲ ಶುರುವಾಯಿತು. ಒಬ್ಬರ ಮನೆಯಲ್ಲಿ ಬಾಣಂತಿ, ಇನ್ನೊಬ್ಬರ ಮನೆಯಲ್ಲಿ ಮದುವೆ, ಮತ್ತೊಬ್ಬರಿಗೆ ದನಕರು. ಬಯ್ದರು, ಮುನಿದು ಎದ್ದುಹೋದರು, ತಿರುಗಿ ಬಂದು ಕೂತರು. ಬಿಸಿಲೇರುವ ಹೊತ್ತಿಗೆ ಒಂದು ಮಾತಾಯಿತು: ಮನೆಗೆ ಒಂದು ಕೊಡ, ಕುಡಿಯಲು, ಬೇಯಿಸಲು. ಕೂಸಿದ್ದ ಮನೆಗೆ ಇನ್ನೊಂದು. ಮಿಕ್ಕಿದ್ದಕ್ಕೆಲ್ಲ ಹೊಳೆ.

"ಆಶ್ರಮಕ್ಕೆ?" ಯಾರೋ ಕೇಳಿದರು.

"ಅದೂ ಒಂದು ಮನೆ. ಒಂದು ಕೊಡ" ಎಂದಳು ಹೊನ್ನಕ್ಕ.

"ನಾವು ಇಷ್ಟು ಜನ ಇದ್ದೇವೆ!" ಎಂದ ಸುಬೋಧ.

"ನಮ್ಮನೆಲಿ ಬಾಯಿ ಕಮ್ಮಿ ಉಂಟು ಅಂತ ಮಾಡಿದ್ಯಾ ತಮಾ?"

ಸುಬೋಧ ಗುರುಗಳ ಹಿಂದೆಯೇ ಒಳಗೆ ಹೋದ.

"ಇಷ್ಟರಿಂದ ಬಾವಿ ಉಳಿಯುತ್ತದೆಯೇ ಗುರುಗಳೇ?"

"ಗೊತ್ತಿಲ್ಲ."

"ಸಮುದ್ರ ಏರುವುದಂತೂ ನಿಲ್ಲುವುದಿಲ್ಲ. ಆ ಹೊಗೆ ನಿಲ್ಲಿಸಲು ಯಾರ ಹತ್ತಿರ ಹೋಗಬೇಕೋ, ಅದೂ ತಿಳಿಯದು. ಇಲ್ಲಿ ನೋಡಿದರೆ, ನಾನು ಬೀಗ ಹಾಕಿದ್ದೂ ಬಾವಿ ಉಳಿಯಲಿ ಅಂತಲೇ. ಅವಳು ಅಳೆದು ಕೊಡುವುದೂ ಅದಕ್ಕೇ. ನಾನು ಹೇಳಿದರೆ ಕೂಗಿದರು, ಅವಳು ಹೇಳಿದರೆ ಒಪ್ಪಿದರು. ನನಗೇನೂ ಅರ್ಥವಾಗ್ತಿಲ್ಲ. ನಾನು ತಪ್ಪಿದ್ದೆಲ್ಲಿ?"

ಗುರುಗಳು ಮೂಲೆಯಲ್ಲಿದ್ದ ಖಾಲಿ ಕೊಡವನ್ನು ತಂದು ಅವನ ಕೈಗಿತ್ತರು.

"ಸಾಲು ಉದ್ದ ಇದೆ. ಹೋಗಿ ಕೊನೆಯಲ್ಲಿ ನಿಲ್ಲು."